ಸಾಲಿಗೆ ಬರುವ ಕೂಸಿಗೆ ಏನು ಕೇಳಬೇಕು

(ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಮುಚ್ಚಂಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಇಲ್ಲಿ ಕೂತಿರುವ ಅರವತ್ತು ದಾಟಿದ ಹಿರಿಯರಲ್ಲಿ ಹಲವರಿಗೆ ತಾವು ಸಾಲಿಗೆ ಸೇರಿದ ದಿನದ ಪರೀಕ್ಷೆ ನೆನಪಿದ್ದೀತು. ಗುರೂಜಿ ಹತ್ತಿರ ಕರೆದು, "ಬಲಗೈ ತಲಿ ಮ್ಯಾಲಿಂದ ಹಾಯಿಸಿ ಎಡಗಿವಿ ಮುಟ್ಟ ನೋಡೂಣು" ಎನ್ನುತ್ತಿದ್ದರು. ಬೆರಳು ಕಿವಿಗೆ ತಾಗಿದರೆ ಹೆಸರು ಹಚ್ಚಿಕೊಳ್ಳುತ್ತಿದ್ದರು, ತಾಗದಿದ್ದರೆ "ಮುಂದಿನ ವರ್ಷ ಕರಕೊಂಡು ಬಾರಪ್ಪಾ" ಎಂದು ಕಳಿಸುತ್ತಿದ್ದರು. ಹುಟ್ಟಿದ ದಿನ ಬರೆದಿಟ್ಟ ಮನೆಗಳು ಕಡಿಮೆ. ಹಾಗಾಗಿ ಹಾಜರಿ ಪುಸ್ತಕದಲ್ಲಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಈ ಭಾಗದ ಒಂದು ಇಡೀ ಪೀಳಿಗೆ ಜೂನ್ 1ರಂದೇ ಹುಟ್ಟಿದೆ ಎಂದು ಸರಕಾರಿ ದಾಖಲೆ ಹೇಳುವುದು ಇದರಿಂದಲೇ.

ಈ ಅಳತೆ ನಮ್ಮ ಸೀಮೆಯದಷ್ಟೇ ಆಗಿರಲಿಲ್ಲ. ಆಫ್ರಿಕಾದ ಅನೇಕ ಹಳ್ಳಿಗಳಲ್ಲಿಯೂ ಹೀಗೇ ಮಾಡುತ್ತಿದ್ದರು, ಜರ್ಮನಿಯ ವೈದ್ಯರು ಇದನ್ನು ಫಿಲಿಪ್ಪೀನ್ ಅಳತೆ ಎಂದು ಕರೆದು ಬಳಸುತ್ತಿದ್ದರು. ಇದರ ಹಿಂದೆ ಒಂದು ಲೆಕ್ಕವಿದೆ. ಮೂರು ವರ್ಷದ ಕೂಸಿನ ತಲೆ ಮೈಯ ಅಳತೆಗೆ ದೊಡ್ಡದು, ಕೈ ಗಿಡ್ಡ. ಆರರ ಆಸುಪಾಸಿನಲ್ಲಿ ಕೈ ಉದ್ದವಾಗಿ ಕಿವಿ ಮುಟ್ಟುತ್ತದೆ. ಕಾಗದಪತ್ರವಿಲ್ಲದ ಕಾಲದಲ್ಲಿ ವಯಸ್ಸು ಅಂದಾಜು ಮಾಡಲು ಅದು ಸಾಕಾಗುತ್ತಿತ್ತು. ಆದರೆ ಹೊಟ್ಟೆ ತುಂಬ ಊಟ ಸಿಗದ ಮನೆಯ ಕೂಸಿನ ಬೆಳವಣಿಗೆ ನಿಧಾನ, ಅದರ ಕೈ ಕಿವಿಗೆ ತಾಗುವುದೂ ತಡ. ಬರ ಬಿದ್ದ ವರ್ಷ ಹುಟ್ಟಿದವರು ಸಾಲಿಗೂ ತಡವಾಗಿ ಸೇರಿದರು. ಜತ್ತ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂದು ಜನನ ಪ್ರಮಾಣಪತ್ರ, ಆಧಾರ್ ಎಲ್ಲ ಇವೆ. ಕಿವಿ ಮುಟ್ಟಿಸುವವರಿಲ್ಲ. ಆದರೂ ಆ ಹಳೆಯ ಪರೀಕ್ಷೆಯ ಹಿಂದಿದ್ದ ಪ್ರಶ್ನೆ ಹಾಗೇ ಉಳಿದಿದೆ: ಈ ಕೂಸು ಸಾಲಿಗೆ ತಯಾರಾಗಿದೆಯೇ, ಅದನ್ನು ತಿಳಿಯುವುದು ಹೇಗೆ, ತಯಾರಾಗಿಲ್ಲದಿದ್ದರೆ ಏನು ಮಾಡಬೇಕು? ಈ ದತ್ತಿಯನ್ನು ಇಟ್ಟವರು ಮಕ್ಕಳ ಕಲಿಕೆಯ ಬಗ್ಗೆ ಮಾತಾಡಿ ಎಂದಾಗ ನಾನು ಈ ಒಂದೇ ಪ್ರಶ್ನೆಯನ್ನು ಆರಿಸಿಕೊಂಡೆ. ನನ್ನ ನಂಬಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಕೂಸಿನ ತಯಾರಿಯನ್ನು ನೋಡಬೇಕು, ಖಂಡಿತ ನೋಡಬೇಕು. ಅದನ್ನು ಕೂಸಿನ ಮನೆಯ ಮಾತಿನಲ್ಲಿ, ಅದಕ್ಕೆ ಗುರುತಿರುವವರು, ಅದು ಊರಲ್ಲಿರುವ ಹೊತ್ತಿನಲ್ಲಿ ನೋಡಬೇಕು. ನೋಡಿ ಕಂಡದ್ದು ಒಂದನೇ ತರಗತಿಯ ಶಿಕ್ಷಕರ ಕೈಗೆ ಮುಟ್ಟಬೇಕು.

ವಯಸ್ಸಿನಿಂದ ಶುರು ಮಾಡೋಣ. ಮಹಾರಾಷ್ಟ್ರದಲ್ಲಿ ಒಂದನೇ ತರಗತಿಗೆ ಸೇರುವ ವರ್ಷದ ಡಿಸೆಂಬರ್ 31ಕ್ಕೆ 6 ವರ್ಷ ತುಂಬಿದರೆ ಸಾಕು. ಕರ್ನಾಟಕದ ನಿಯಮದಲ್ಲಿ ಜೂನ್ 1ಕ್ಕೇ 6 ತುಂಬಿರಬೇಕು. ಪಾಲಕರ ಒತ್ತಾಯಕ್ಕೆ 2025-26ರ ಮಟ್ಟಿಗೆ ಅದನ್ನು 5 ವರ್ಷ 5 ತಿಂಗಳಿಗೆ ಇಳಿಸಿದ್ದರು. ಈಗ ನವೆಂಬರ್ ತಿಂಗಳಲ್ಲಿ ಹುಟ್ಟಿದ ಒಂದು ಕೂಸನ್ನು ತೆಗೆದುಕೊಳ್ಳಿ. ಜತ್ತದ ಕಡೆ ಇದ್ದರೆ ಅದು ಐದೂವರೆ ವರ್ಷಕ್ಕೆ ಒಂದನೇ ತರಗತಿಯಲ್ಲಿ ಕೂತಿರುತ್ತದೆ. ಗಡಿ ದಾಟಿ ವಿಜಯಪುರ ಜಿಲ್ಲೆಯ ಅತ್ತೆಯ ಮನೆಯಲ್ಲಿ ಬೆಳೆದರೆ ನಿಯಮದ ಪ್ರಕಾರ ಆರೂವರೆಗೆ ಸೇರುತ್ತದೆ. ಅದೇ ಕೂಸು, ಅದೇ ರೊಟ್ಟಿ, ಅದೇ ಮಾತು. ನಡುವೆ ಇಡೀ ಒಂದು ವರ್ಷ. ಐದು ವರ್ಷ ಬದುಕಿದವರಿಗೆ ಒಂದು ವರ್ಷವೆಂದರೆ ಆಯುಷ್ಯದ ಐದನೆಯ ಒಂದು ಪಾಲು.

ಹಾಗಾಗಿ ನಮ್ಮ ಒಂದನೇ ತರಗತಿಗಳಲ್ಲಿ ಐದೂವರೆಯ ಕೂಸು, ಆರೂವರೆಯ ಕೂಸು ಒಂದೇ ಸಾಲಿನಲ್ಲಿ ಕೂತಿರುತ್ತವೆ. 2019ರ ಅಸರ್ ಎಂಬ ಶಿಕ್ಷಣ ಸಮೀಕ್ಷೆಯ ವರದಿ ನಾಲ್ಕರಿಂದ ಎಂಟು ವರ್ಷದ ಗ್ರಾಮೀಣ ಮಕ್ಕಳನ್ನೇ ನೋಡಿತು. ಒಂದನೇ ತರಗತಿಯಲ್ಲಿದ್ದವರಲ್ಲಿ ಸರಿಯಾಗಿ ಆರು ವರ್ಷದವರು ಅರ್ಧಕ್ಕಿಂತ ಕಡಿಮೆ ಎಂಬುದು ಅದರಲ್ಲಿ ಕಂಡುಬಂತು. ಒಂದೇ ತರಗತಿಯಲ್ಲಿ ವಯಸ್ಸು ಹೆಚ್ಚಿದ್ದವರು ಹೆಚ್ಚು ಮಾಡಿ ತೋರಿಸಿದರು. ಮೊದಲ ವರ್ಷ "ಇಂವಾ ಶಾಣ್ಯಾ, ಇಂವಾ ದಡ್ಡ" ಎಂದು ನಾವು ಹಚ್ಚುವ ಹಣೆಪಟ್ಟಿಗಳಲ್ಲಿ ಎಷ್ಟೋ ಬರೀ ಹುಟ್ಟಿದ ತಿಂಗಳ ಫರಕು. ದಯವಿಟ್ಟು ಆ ಹಣೆಪಟ್ಟಿ ಹಚ್ಚಬೇಡಿ. ಅದನ್ನು ಕೂಸು ಕೇಳಿಸಿಕೊಂಡು ನಂಬಿಬಿಡುತ್ತದೆ.

ಇನ್ನು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ಪ್ರವೇಶಕ್ಕಾಗಿ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷೆಗೆ ಒಳಪಡಿಸುವುದನ್ನು ನಿಷೇಧಿಸಿದೆ. ಮೊದಲ ತಪ್ಪಿಗೆ 25,000 ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ ಪ್ರತಿ ಸಲ 50,000. 2022ರ ಅಕ್ಟೋಬರಿನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಇನ್ನೂ ಮುಂದೆ ಹೋಗಿ, ಮೂರರಿಂದ ಎಂಟು ವರ್ಷದವರಿಗೆ ಪರೀಕ್ಷೆಗಳೇ ತಕ್ಕುದಲ್ಲ ಎಂದು ಬರೆದಿದೆ. ಪೇಟೆಯ ಕೆಲವು ಸಾಲಿಗಳಲ್ಲಿ ಮೂರು ವರ್ಷದ ಕೂಸನ್ನು ಕುರ್ಚಿಯ ಮೇಲೆ ಕೂಡಿಸಿ ಇಂಗ್ಲಿಷಿನಲ್ಲಿ ಹೆಸರು ಕೇಳುತ್ತಾರೆ, ಹಣ್ಣಿನ ಚಿತ್ರ ತೋರಿಸುತ್ತಾರೆ, ಹೊರಗೆ ಅವ್ವ ಅಪ್ಪ ಎದೆ ಹಿಡಿದುಕೊಂಡು ನಿಂತಿರುತ್ತಾರೆ. ಅದು ಈ ಕಾಯ್ದೆಯ, ಈ ಚೌಕಟ್ಟಿನ ಆಶಯಕ್ಕೆ ವಿರುದ್ಧ ಎಂಬುದು ಈ ಸಭೆಯ ಎಲ್ಲರಿಗೂ ತಿಳಿದಿರಲಿ. ಒಳಗೆ ಬರುವ ಹಕ್ಕು ವಯಸ್ಸಿನಿಂದಲೇ ಬರುತ್ತದೆ.

ಹಾಗಾದರೆ ತಯಾರಿಯನ್ನು ನೋಡುವುದು ಯಾತಕ್ಕೆ ಎಂದು ಕೇಳಬಹುದು. ಮಹಾರಾಷ್ಟ್ರ ಸರಕಾರ 2022ರಿಂದ ನಡೆಸುತ್ತ ಬಂದಿರುವ 'ಪಹಿಲೆ ಪಾವೂಲ್' ಎಂಬ ಶಾಲಾಪೂರ್ವ ತಯಾರಿ ಅಭಿಯಾನದಲ್ಲಿ ಈ ಪ್ರಶ್ನೆಗೆ ಒಳ್ಳೆಯ ಉತ್ತರವಿದೆ. ಸಮಗ್ರ ಶಿಕ್ಷಾ ಮತ್ತು ಪ್ರಥಮ್ ಸಂಸ್ಥೆ ಕೂಡಿ ರೂಪಿಸಿದ ಈ ಅಭಿಯಾನದಲ್ಲಿ ಎರಡು ಮೇಳಗಳಿವೆ. ಮೊದಲನೆಯದು ಬೇಸಿಗೆ ರಜೆಗೆ ಮುಂಚೆ, ಎರಡನೆಯದು ಜೂನಿನಲ್ಲಿ ಸಾಲಿ ತೆರೆಯುವಾಗ. ಅಂಗಳದಲ್ಲಿ ಏಳು ಕಡೆ ಟೇಬಲ್ ಹಾಕುತ್ತಾರೆ. ಒಂದರಲ್ಲಿ ನೋಂದಣಿ. ಮುಂದೆ ಗೆರೆಯ ಮೇಲೆ ನಡೆಯುವುದು, ಜಿಗಿಯುವುದು, ಕಾಗದ ಹರಿದು ಅಂಟಿಸುವುದು. ಇನ್ನೊಂದೆಡೆ ವಸ್ತುಗಳನ್ನು ಬೇರ್ಪಡಿಸಿ ಗುಂಪು ಮಾಡುವುದು. ತನ್ನ ಬಗ್ಗೆ ಹೇಳುವುದಕ್ಕೆ, ಚಿತ್ರ ನೋಡಿ ಮಾತಾಡುವುದಕ್ಕೆ, ಎಣಿಸುವುದಕ್ಕೆ ಒಂದೊಂದು ಜಾಗ. ಕೊನೆಯ ಟೇಬಲ್ ತಾಯಂದಿರಿಗೆ. ಕಂಡದ್ದನ್ನು ವಿಕಾಸ ಪತ್ರ ಎಂಬ ಕಾರ್ಡಿನ ಮೇಲೆ ಬರೆದು ಮನೆಗೇ ಕೊಡುತ್ತಾರೆ. ನಡುವಿನ ವಾರಗಳಲ್ಲಿ ತಾಯಂದಿರ ಗುಂಪುಗಳು ಮನೆಯಲ್ಲೇ ಮಾಡಿಸುವ ಚಟುವಟಿಕೆಗಳ ಕಾರ್ಡು ಹಿಡಿದು ಕೂಡುತ್ತವೆ. ಎರಡನೇ ಮೇಳದಲ್ಲಿ ಅದೇ ಕೂಸು ಎಷ್ಟು ಮುಂದೆ ಬಂತು ಎಂದು ನೋಡುತ್ತಾರೆ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಎರಡನೇ ಮೇಳ. ಒಂದೇ ದಿನ ನೋಡಿ ತೀರ್ಪು ಕೊಡುವುದು ಸುಲಭ. ಎರಡು ಸಲ ನೋಡಿದಾಗ ಮಾತ್ರ ಕೂಸು ಕಲಿಯುವ ರೀತಿ ಕಾಣುತ್ತದೆ. ತಾಯಿಗೂ ತನ್ನ ಕೈಯಿಂದ ಆದ ಕೆಲಸ ಕಾಣುತ್ತದೆ.

ಆದರೆ ಗಡಿಭಾಗದ ಒಂದು ಕನ್ನಡ ಊರಿನಲ್ಲಿ ಈ ಮೇಳ ನಡೆಯುವಾಗ ಕೆಲವು ಸಂಗತಿಗಳನ್ನು ನಾವೇ ಸರಿಮಾಡಿಕೊಳ್ಳಬೇಕು, ಪುಣೆಯಲ್ಲಿ ಕೂತು ಕಾರ್ಡು ಬರೆದವರಿಗೆ ಅವು ಗೊತ್ತಾಗುವ ದಾರಿಯಿಲ್ಲ.

ಮೊದಲನೆಯದು ಮಾತು. ಮಾತಾಡದ ಕೂಸಿನ ಎದುರು ಕಾರ್ಡಿನಲ್ಲಿ "ಬರುವುದಿಲ್ಲ" ಎಂದು ಬೀಳುತ್ತದೆ. ಪ್ರಶ್ನೆ ಮರಾಠಿಯಲ್ಲಿ ಇದ್ದದ್ದಕ್ಕೆ ಕೂಸು ಸುಮ್ಮನಿತ್ತು ಎಂಬುದು ಕಾರ್ಡಿನಲ್ಲಿ ಎಲ್ಲೂ ಬರೆದಿರುವುದಿಲ್ಲ. ಪುಸ್ತಕದ ಕನ್ನಡದಲ್ಲಿ "ಈ ಚಿತ್ರದಲ್ಲಿ ಏನೇನು ಕಾಣಿಸುತ್ತದೆ, ವಿವರಿಸು" ಎಂದರೂ ಅದೇ ಪಾಡು. "ಇದ್ರಾಗ ಏನೇನ್ ಐತಿ, ಹೇಳ ನಮ್ಮವ್ವಾ" ಎಂದು ಕೇಳಿ ನೋಡಿ. ಅದೇ ಕೂಸು ಚಿತ್ರದಲ್ಲಿರುವ ಎಮ್ಮೆಯ ಜೊತೆಗೆ ತನ್ನ ಮನೆಯ ಎಮ್ಮೆಯ ಕತೆ, ಅದರ ಕರು ಸತ್ತದ್ದು, ಆಯಿ ಅತ್ತದ್ದು ಎಲ್ಲ ಹೇಳುತ್ತದೆ. ಭಾಷೆಯ ಬೆಳವಣಿಗೆ ಎಂದು ಕಾರ್ಡಿನಲ್ಲಿ ಬರೆಯಬೇಕಾದದ್ದು ಆ ಕತೆಯನ್ನೇ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ತಾಲ್ಲೂಕಿನಲ್ಲಿ ಲಮಾಣಿ ತಾಂಡಾಗಳಿವೆ, ಉರ್ದು ಮಾತಾಡುವ ಮನೆಗಳಿವೆ, ಮರಾಠಿ ಮನೆಗಳಿವೆ. ಕನ್ನಡ ಸಾಲಿಗೆ ಬರುವ ತಾಂಡಾದ ಕೂಸಿಗೆ ನಮ್ಮ ಕನ್ನಡವೂ ಹೊರಗಿನ ಮಾತೇ. ಮರಾಠಿಯ ಎದುರು ನಾವು ಏನು ಕೇಳುತ್ತೇವೋ ಅದನ್ನು ಆ ಕೂಸಿಗೆ ನಾವು ಕೊಡಬೇಕು. ತಾಂಡಾದ ಒಬ್ಬ ಅಕ್ಕ ಮೇಳದ ದಿನ ಪಕ್ಕದಲ್ಲಿ ಕೂತರೆ ಅಷ್ಟು ಸಾಕು.

ಎರಡನೆಯದು ಕಾಲ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ದಸರೆ, ದೀಪಾವಳಿ ಮುಗಿಯುತ್ತಿದ್ದಂತೆ ಜತ್ತದ ಒಣ ಹಳ್ಳಿಗಳಿಂದ ಕಬ್ಬು ಕಡಿಯುವವರು ಗಂಟುಮೂಟೆ ಕಟ್ಟುತ್ತಾರೆ. ಗಂಡಹೆಂಡಿರ ಜೋಡಿಗೆ ಒಂದು ಕೋಯತಾ ಎಂದು ಲೆಕ್ಕ. ಮುಕಾದಮನ, ಅಂದರೆ ಕೂಲಿಯ ಗುತ್ತಿಗೆದಾರನ ಹತ್ತಿರ ಉಚಲ, ಅಂದರೆ ಮುಂಗಡ ತೆಗೆದುಕೊಂಡಿರುತ್ತಾರೆ. ಸಾಂಗ್ಲಿಯ ಪಶ್ಚಿಮದ ತಾಲ್ಲೂಕುಗಳು, ಕೊಲ್ಹಾಪುರ, ಬೆಳಗಾವಿ ಜಿಲ್ಲೆಯ ಕಾರಖಾನೆಗಳ ಕಡೆ ಹೋದವರು ಮರಳುವುದು ಹಂಗಾಮು ಮುಗಿದ ಮೇಲೆ, ಯುಗಾದಿಯ ಹಿಂದುಮುಂದೆ. ಆಯಿ ಮುತ್ಯಾ ಗಟ್ಟಿಯಿದ್ದ ಮನೆಗಳಲ್ಲಿ ದೊಡ್ಡ ಮಕ್ಕಳು ಊರಲ್ಲೇ ಉಳಿಯುತ್ತಾರೆ. ಮೂರು, ನಾಲ್ಕು, ಐದು ವರ್ಷದವನ್ನು ಬಿಟ್ಟು ಹೋಗಲಾಗುವುದಿಲ್ಲ, ಅವ್ವನ ಜೊತೆ ಅವೂ ಹೋಗುತ್ತವೆ. ಅಂಗನವಾಡಿಯ ಎರಡು ಮೂರು ವರ್ಷಗಳಲ್ಲಿ ಅರ್ಧಕ್ಕೆ ಅರ್ಧ ಹೀಗೆ ಹೋಗುತ್ತದೆ. ಒಂದನೇ ತರಗತಿಗೆ ಹೋಗುವ ಮೊದಲಿನ, ಬಹಳ ಬೇಕಾದ ಆ ಕೊನೆಯ ಹಿಂಗಾರಿಯೂ ಹೋಗುತ್ತದೆ.

ಊರಿಗೆ ಬಂದ ವಾರದಲ್ಲೇ ಮೇಳ ಇದ್ದರೆ ಏನಾಗುತ್ತದೆ ಊಹಿಸಿ. ಮೈಯೆಲ್ಲ ದಣಿದ ತಾಯಿ ಕೂಸನ್ನು ಕರೆತರುತ್ತಾಳೆ. ಆರು ತಿಂಗಳು ಕ್ರೇಯಾನು ಮುಟ್ಟದ ಕೈ. ಅಂಗನವಾಡಿಯ ಗೆಳೆಯರು ಹಾಡು ಕಲಿತಿದ್ದಾರೆ, ಇವನಿಗೆ ಅದು ಗೊತ್ತಿಲ್ಲ. ಕಾರ್ಡು ಅವನನ್ನು ಹಿಂದೆ ಹಾಕುತ್ತದೆ. ಅವನಿಗೆ ಗೊತ್ತಿದ್ದದ್ದನ್ನು ಯಾರೂ ಕೇಳಲಿಲ್ಲ. ನಸುಕಿನಲ್ಲಿ ಹೊರಡುವ ಗಾಡಿಗಳಲ್ಲಿ ತಮ್ಮದು ಯಾವುದು ಎಂದು ಎತ್ತಿನ ಕೋಡು ನೋಡಿ ಗುರುತಿಸುತ್ತಾನೆ. ಅವ್ವ ಕಟ್ಟಿದ ಕಬ್ಬಿನ ಕಟ್ಟುಗಳನ್ನು ಎಣಿಸುತ್ತಾನೆ. ಕೊಪ್ಪಿಯಲ್ಲಿ, ಅಂದರೆ ಗದ್ದೆಬದಿಯ ಆ ಗುಡಿಸಲಲ್ಲಿ, ತಂಗಿಯನ್ನು ಜೋಳಿಗೆಯಲ್ಲಿ ತೂಗಿ ಮಲಗಿಸುತ್ತಾನೆ. ಕನ್ನಡ, ಮರಾಠಿ ಎರಡರಲ್ಲೂ ನೀರು ಕೇಳಲು ಕಲಿತಿದ್ದಾನೆ. ಎಣಿಕೆ, ಗುರುತಿಸುವುದು, ಇನ್ನೊಬ್ಬರ ಕಾಳಜಿ, ಎರಡು ಭಾಷೆ: ಮೇಳದ ಟೇಬಲ್ಲುಗಳು ಹುಡುಕುವುದು ಇವನ್ನೇ ಅಲ್ಲವೇ? ಹಾಗೆಂದು ಕಬ್ಬಿನ ಗದ್ದೆ ಒಳ್ಳೆಯ ಸಾಲಿ ಎಂದು ನಾನು ಹೇಳುತ್ತಿಲ್ಲ. ಐದು ವರ್ಷದವನು ತಂಗಿಯನ್ನು ಕಾಯುತ್ತ ಕೂಡಬೇಕಾದ ಸ್ಥಿತಿ ನಮಗೆಲ್ಲ ನಾಚಿಕೆ ತರಬೇಕು. ಆದರೆ ಕೂಸು ತಂದ ಗಂಟನ್ನು ಬಿಚ್ಚಿ ನೋಡದೆ ಬರಿಗೈಯಲ್ಲಿ ಬಂದಿದೆ ಎನ್ನುವುದು ಅನ್ಯಾಯ.

ಮೂರನೆಯದಾಗಿ ಅಕ್ಷರದ ಆತುರ. ಅಂಗನವಾಡಿಯಲ್ಲಿ ಅ ಆ ಬರೆಸುತ್ತಿಲ್ಲ, ಬರೀ ಆಟ ಆಡಿಸುತ್ತಾರೆ ಎಂಬುದು ತಾಯಂದಿರ ಮುಖ್ಯ ದೂರು. ಆ ಕಾರಣಕ್ಕೇ ಎಷ್ಟೋ ಮನೆಗಳು ಸಾಲ ಮಾಡಿ ಹಳದಿ ಬಸ್ಸಿನ ನರ್ಸರಿಗೆ ಕೂಸನ್ನು ಹತ್ತಿಸುತ್ತವೆ. ಆ ತಾಯಂದಿರ ಆಸೆಯನ್ನು ನಾನು ಗೌರವಿಸುತ್ತೇನೆ, ತಾವು ಪಟ್ಟ ಪಾಡು ಮಕ್ಕಳಿಗೆ ಬೇಡ ಎಂಬ ಒಂದೇ ಆಸೆ ಅದು. ಆದರೆ ಸಂಶೋಧನೆ ಬೇರೆಯೇ ಹೇಳುತ್ತದೆ. ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯ, ಅಸರ್ ಸೆಂಟರ್ ಮತ್ತು ಯುನಿಸೆಫ್ ಕೂಡಿ ಅಸ್ಸಾಂ, ರಾಜಸ್ಥಾನ, ತೆಲಂಗಾಣಗಳಲ್ಲಿ ನಾಲ್ಕು ವರ್ಷದ ಸುಮಾರು 14,000 ಮಕ್ಕಳನ್ನು ಎಂಟು ವರ್ಷ ತುಂಬುವವರೆಗೆ ಹಿಂಬಾಲಿಸಿ ನೋಡಿದವು. 2017ರಲ್ಲಿ ವರದಿ ಬಂತು. ಐದನೇ ವರ್ಷಕ್ಕೆ ಬಹಳಷ್ಟು ಮಕ್ಕಳ ತಯಾರಿ ಕಡಿಮೆಯೇ ಇತ್ತು, ಸರಕಾರಿ ಕೇಂದ್ರಕ್ಕೆ ಹೋದವರದೂ ಖಾಸಗಿಗೆ ಹೋದವರದೂ. ಬರೆಸುವುದು, ಬಾಯಿಪಾಠ ಮಾಡಿಸುವುದು ಇದ್ದ ಕಡೆ ತಯಾರಿ ಹೆಚ್ಚಾಗಲಿಲ್ಲ. ಆಟ, ಮಾತು, ವಸ್ತುಗಳನ್ನು ಹಿಡಿದು ಮಾಡುವ ಕೆಲಸ ಇದ್ದ ಕೇಂದ್ರಗಳ ಮಕ್ಕಳು ಮುಂದಿದ್ದರು, ತರಗತಿಗೆ ಹೋದ ಮೇಲೆಯೂ ಅದರ ಲಾಭ ಉಳಿಯಿತು.

ಕನ್ನಡದ ಮಟ್ಟಿಗೆ ಇದಕ್ಕೆ ಇನ್ನೊಂದು ಕಾರಣವಿದೆ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರು ದೀರ್ಘಕಾಲ ಕೆಲಸ ಮಾಡಿದ್ದಾರೆ. ಸ್ವರ, ವ್ಯಂಜನ, ಕಾಗುಣಿತ, ಒತ್ತು ಎಲ್ಲ ಸೇರಿ ಕನ್ನಡದ ಮಗು ನೂರಾರು ಅಕ್ಷರರೂಪಗಳನ್ನು ಹಿಡಿಯಬೇಕು, ಅದು ಒಂದೆರಡು ವರ್ಷದಲ್ಲಿ ಮುಗಿಯದೆ ನಾಲ್ಕನೇ ತರಗತಿಯವರೆಗೂ ನಡೆಯುತ್ತದೆ ಎಂದು ಅವರು 2007ರಲ್ಲೇ ತೋರಿಸಿದರು. ನಾಲ್ಕನೇ ವರ್ಷಕ್ಕೆ ಕೈ ಹಿಡಿದು ತಿದ್ದಿಸಿದ ಮಾತ್ರಕ್ಕೆ ಈ ದಾರಿ ಗಿಡ್ಡವಾಗುವುದಿಲ್ಲ. ದಾರಿಗೆ ಬೇಕಾದ ಬಲ ಕಿವಿಯಿಂದ ಬರುತ್ತದೆ. ಮಾತನ್ನು ಅಕ್ಷರ ಅಕ್ಷರವಾಗಿ ಒಡೆದು ಕೇಳಿಸಿಕೊಳ್ಳುವ ಬಲ ಅದು. "ಮು-ಚ್ಚಂ-ಡಿ" ಎಂದು ಚಪ್ಪಾಳೆ ತಟ್ಟಿಸಿ, ಮೂರು ತಟ್ಟು. "ಜ-ತ್ತ", ಎರಡು. "ಗು-ಡ್ಡಾ-ಪು-ರ", ನಾಲ್ಕು. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಹೋಗುವಾಗ ದಾರಿಯುದ್ದಕ್ಕೂ ಬರುವ ಊರುಗಳ ಹೆಸರನ್ನೆಲ್ಲ ಹೀಗೆ ತಟ್ಟಿಸುತ್ತ ಹೋಗಿ. 'ಡಿ'ಯಿಂದ ಮುಗಿಯುವ ಇನ್ನೊಂದು ಹೆಸರು ಹೇಳು ಎನ್ನಿ. ಇದಕ್ಕೆ ಪಾಟಿ ಬೇಕಾಗಿಲ್ಲ, ಓದಲು ಬರದ ಅವ್ವನೂ ಮಾಡಿಸಬಲ್ಲಳು. ಈ ಆಟ ಬಲ್ಲ ಕೂಸಿಗೆ ಜೂನಿನಲ್ಲಿ ಅಕ್ಷರದ ಗುರುತು ಹತ್ತುವುದು ಸಲೀಸು.

ಅದೂ ಅಲ್ಲದೆ ಇಲ್ಲಿಯ ಕೂಸು ಒಂದನೇ ತರಗತಿಯಲ್ಲಿ ಎದುರಿಸುವುದು ಒಂದೇ ಲಿಪಿಯನ್ನಲ್ಲ. ಕನ್ನಡ ಮಾಧ್ಯಮದ ಪುಸ್ತಕವನ್ನು ಬಾಲಭಾರತಿ ಕನ್ನಡದಲ್ಲಿ ಅಚ್ಚು ಮಾಡಿ ಕೊಡುತ್ತದೆ, ಅದು ದೊಡ್ಡ ಉಪಕಾರ. ಜೊತೆಗೆ 2000ದಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ, 2020ರ ಕಾಯ್ದೆಯಿಂದ ಮರಾಠಿ ಕಡ್ಡಾಯ. ಮೂರು ಲಿಪಿ, ಆರು ವರ್ಷದ ಒಂದು ತಲೆ. 2025ರ ಏಪ್ರಿಲಿನಲ್ಲಿ ಮರಾಠಿ, ಇಂಗ್ಲಿಷ್ ಮಾಧ್ಯಮದ ಒಂದನೇ ತರಗತಿಗೆ ಹಿಂದಿ ತರುವ ಆದೇಶ ಬಂದಾಗ ಮರಾಠಿ ಪಾಲಕರೇ ಎಳೆಯರ ಮೇಲೆ ಇಷ್ಟು ಹೊರೆ ಬೇಡವೆಂದು ಎದ್ದು ನಿಂತರು, ಜೂನ್ 29ರಂದು ಸರಕಾರ ಅದನ್ನು ಹಿಂದಕ್ಕೆ ಪಡೆಯಿತು. ಅವರ ಆ ಕಾಳಜಿ ನ್ಯಾಯವಾದದ್ದು. ಅದೇ ಕಾಳಜಿ ಗಡಿಯ ಕನ್ನಡ ಕೂಸಿಗೂ ಸಲ್ಲಬೇಕು. ಮರಾಠಿ ಬೇಡ ಎಂಬುದು ನನ್ನ ಮಾತಲ್ಲ, ಈ ನೆಲದಲ್ಲಿ ಬದುಕುವವರಿಗೆ ಅದು ಬೇಕೇ ಬೇಕು, ನಮ್ಮ ಸಂತೆ, ದವಾಖಾನೆ, ಕಚೇರಿ ಎಲ್ಲ ಆ ಭಾಷೆಯಲ್ಲಿವೆ. ಮೊದಲ ವರ್ಷ ಮರಾಠಿಯೂ ಇಂಗ್ಲಿಷೂ ಹಾಡು, ಆಟ, ಮಾತಿನ ರೂಪದಲ್ಲಿ ಬರಲಿ, ಬರವಣಿಗೆ ಕನ್ನಡದಲ್ಲಿ ಗಟ್ಟಿಯಾದ ಮೇಲೆ ಬರಲಿ ಎಂಬುದಷ್ಟೇ ಬೇಡಿಕೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಏರ್ಪಾಡು ಮಾಡಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಅದರ ಮೊದಲ ಅರ್ಥವೇ ಕನ್ನಡ ಸಾಲಿಯ ಒಂದನೇ ತರಗತಿಯಲ್ಲಿ ಕನ್ನಡ ಬಲ್ಲ ಶಿಕ್ಷಕರಿರಬೇಕು ಎಂಬುದು. 2024ರಲ್ಲಿ ಜತ್ತದ ಕನ್ನಡ ಸಾಲಿಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ ವಿಷಯ ಎರಡೂ ರಾಜ್ಯಗಳಲ್ಲಿ ಚರ್ಚೆಯಾಯಿತು. ಆ ಶಿಕ್ಷಕರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಉದ್ಯೋಗಕ್ಕಾಗಿ ಕಾದು ಕೂತವರು. ಆದರೆ "ನೀರಡಿಕಿ ಆಗೈತ್ರಿ" ಎಂದರೆ ತಿಳಿಯದ ತರಗತಿಗೆ ಐದೂವರೆಯ ಕೂಸನ್ನು ಕಳಿಸಿ, ತಯಾರಿ ಸಾಲದು ಎಂದು ಆ ಕೂಸಿನ ಕಾರ್ಡಿನಲ್ಲಿ ಬರೆಯುವುದು ಹೇಗೆ?

ಇಲ್ಲಿಗೆ ಸಾಲಿಯ ತಯಾರಿಯ ಮಾತು ಬಂತು. ಯುನಿಸೆಫ್ 2012ರಲ್ಲಿ ಹೊರತಂದ ಒಂದು ಪುಸ್ತಿಕೆ ತಯಾರಿ ಎಂಬುದನ್ನೇ ಮೂರು ಪಾಲು ಮಾಡಿತ್ತು: ಮಗುವಿನ ತಯಾರಿ, ಸಾಲಿಯ ತಯಾರಿ, ಕುಟುಂಬದ ತಯಾರಿ. ನಾವು ಅಳೆಯುವುದು ಮೊದಲನೆಯದನ್ನು ಮಾತ್ರ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಡ್ಯಾನ್ ಆಫರ್ಡ್ ಮತ್ತು ಮ್ಯಾಗ್ಡಲೀನಾ ಯಾನುಸ್ ಎಂಬಿಬ್ಬರು ಬೇರೆ ದಾರಿ ತುಳಿದರು. ಅವರ ಪ್ರಶ್ನಾವಳಿಯನ್ನು ಮಕ್ಕಳನ್ನು ತಿಂಗಳುಗಟ್ಟಲೆ ಕಂಡ ಶಿಕ್ಷಕಿ ತುಂಬುತ್ತಾಳೆ, ಮಗುವನ್ನು ಕೂಡಿಸಿ ಕೇಳುವುದಿಲ್ಲ. ಫಲಿತಾಂಶ ಹೊರಬರುವುದು ಊರಿನ, ಓಣಿಯ ಲೆಕ್ಕದಲ್ಲಿ, ಇಂಥ ಮಗು ಹಿಂದಿದೆ ಎಂದು ಯಾರ ಹೆಸರೂ ಬರುವುದಿಲ್ಲ. ಆಸ್ಟ್ರೇಲಿಯಾ ಅದನ್ನೇ ತನ್ನ ರೀತಿಗೆ ಹೊಂದಿಸಿಕೊಂಡು 2009ರಿಂದ ಮೂರು ವರ್ಷಕ್ಕೊಮ್ಮೆ ದೇಶದ ಎಲ್ಲ ಮಕ್ಕಳ ಗಣತಿ ಮಾಡುತ್ತದೆ. ಒಂದು ಊರಿನ ಅರ್ಧ ಮಕ್ಕಳಿಗೆ ಕತ್ತರಿ ಹಿಡಿಯಲು ಬರದಿದ್ದರೆ ಆ ಊರಿನ ಬಾಲವಾಡಿಯಲ್ಲಿ ಕತ್ತರಿ ಇದೆಯೇ ಎಂದು ಮೊದಲು ನೋಡಬೇಕು ಎಂಬುದು ಆ ವಿಧಾನದ ತಿರುಳು. ಪಂಚಾಯಿತಿಯವರು ಇಲ್ಲಿ ಕೂತಿದ್ದೀರಿ. ನಿಮ್ಮ ಊರಿನ ವಿಕಾಸ ಪತ್ರಗಳನ್ನೆಲ್ಲ ಒಂದು ದಿನ ಹೆಸರು ಮುಚ್ಚಿ ಒಟ್ಟಿಗೆ ಹರಡಿ ನೋಡಿ. ಎಲ್ಲರೂ ಎಡವಿದ ಜಾಗದಲ್ಲಿ ಊರು ಖರ್ಚು ಮಾಡಬೇಕಾದ ಜಾಗ ಕಾಣುತ್ತದೆ.

ಅಂಗನವಾಡಿ ಅಕ್ಕಂದಿರ ಬಗ್ಗೆ ಮಾತಾಡದೆ ಈ ವಿಷಯ ಪೂರ್ತಿಯಾಗದು. ಅಂಗನವಾಡಿಯ ಕಲ್ಪನೆ ಮೊಳೆತದ್ದೇ ಮಹಾರಾಷ್ಟ್ರದಲ್ಲಿ. 1945ರಲ್ಲಿ ಬೋರ್ಡಿಯ ಕಡಲದಂಡೆಯಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಬಾಲವಾಡಿ ತೆರೆದರು. ಬಡವರ ಕೇರಿಯ ಮಕ್ಕಳು ಬರಲಿಲ್ಲ. ಬಾರದವರನ್ನು ಬೈಯದೆ, ಆ ಇಬ್ಬರು ಹೆಂಗಸರು ಬಾಲವಾಡಿಯನ್ನೇ ಗುಡಿಸಲುಗಳ ಅಂಗಳಕ್ಕೆ ಒಯ್ದರು. ಮುಂದೆ 1957ರಲ್ಲಿ ಕೋಸಬಾಡ ಗುಡ್ಡಕ್ಕೆ ಹೋದರು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಸಾಲಿ ನಡೆಸಿದ್ದೂ ಅವರೇ. ಸಾಲಿಯೇ ಕೂಸಿನ ಕಡೆ ನಡೆದು ಹೋಗಬೇಕು ಎಂಬ ಈ ನಡೆ ಎಂಬತ್ತು ವರ್ಷದ ಹಿಂದಿನದು. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಶುರುವಾದ ಸರಕಾರಿ ಯೋಜನೆಗೆ ಅಂಗನವಾಡಿ ಎಂಬ ಹೆಸರು ಉಳಿಯಿತು, ಆದರೆ ಆ ನಡಿಗೆ ಹಿಂದೆ ಬಿತ್ತು. ಇಂದು ಒಬ್ಬ ಸೇವಿಕೆ ತೂಕ ಮಾಡಬೇಕು, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ತುಂಬಬೇಕು, ಬಸುರಿ ಬಾಣಂತಿಯರ ಮನೆಗೆ ಹೋಗಬೇಕು, ಸಭೆಗೆ ಹೋಗಬೇಕು, ಉಳಿದ ಹೊತ್ತಿನಲ್ಲಿ ಕಲಿಸಬೇಕು. ತಮಿಳುನಾಡಿನಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ಜೊತೆಗಾರರು 640 ಅಂಗನವಾಡಿಗಳನ್ನು ಆರಿಸಿ, ಅರ್ಧದಷ್ಟಕ್ಕೆ ಮಕ್ಕಳಿಗೆ ಕಲಿಸಲೆಂದೇ ಅರ್ಧ ದಿನದ ಇನ್ನೊಬ್ಬ ಹೆಣ್ಣುಮಗಳನ್ನು ಕೊಟ್ಟು ನೋಡಿದರು. ಕಲಿಸುವ ಸಮಯ ಎರಡು ಪಟ್ಟಾಯಿತು, ಮಕ್ಕಳ ಎಣಿಕೆ ಮತ್ತು ಭಾಷೆ ಎರಡೂ ಸುಧಾರಿಸಿದವು. ಹಳೆಯ ಸೇವಿಕೆಗೆ ಆರೋಗ್ಯದ ಕೆಲಸಕ್ಕೆ ಬಿಡುವು ಸಿಕ್ಕದ್ದರಿಂದ ಕುಪೋಷಣೆಯೂ ಇಳಿಯಿತು. ಅಂಗನವಾಡಿಯಲ್ಲಿ ಏನೂ ಕಲಿಸುವುದಿಲ್ಲ ಎಂದು ದೂರುವವರು ಈ ಫಲಿತಾಂಶವನ್ನು ಒಮ್ಮೆ ಓದಬೇಕು.

ಒಂದೇ ಒಂದು ಕಡೆ ಮಾತ್ರ ಪ್ರತಿ ಕೂಸನ್ನೂ ಬೇರೆ ಬೇರೆಯಾಗಿ, ಹೆಸರು ಹಿಡಿದು ಪರೀಕ್ಷಿಸಲೇಬೇಕು: ಕಣ್ಣು, ಕಿವಿ, ಮಾತು, ನಡಿಗೆ. ಕರೆದರೆ ತಿರುಗದ, ಹೇಳಿದ್ದು ಮಾಡದ ಕೂಸಿಗೆ "ಹಟಮಾರಿ" ಎಂದು ಹೆಸರಿಡುತ್ತೇವೆ. ವರ್ಷಗಟ್ಟಲೆ ಕಿವಿ ಸೋರಿ ಅರ್ಧ ಕೇಳಿಸದಿರುವ ಕೂಸು ಅದಾಗಿರಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಇದೇ ಮಹಾರಾಷ್ಟ್ರದ ಪಾಲಘರದಲ್ಲಿ ಆರಂಭವಾಯಿತು. ಅದರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಜನ ಕಬ್ಬಿಗೆ ಹೋದ ತಿಂಗಳಲ್ಲಿ ತಂಡ ಬಂದರೆ ಆ ಕೂಸುಗಳು ಮತ್ತೆ ತಪ್ಪಿಹೋಗುತ್ತವೆ. ತಂಡ ಬರುವ ದಿನಾಂಕವನ್ನು ದಸರೆಯ ಮುಂಚೆ, ಯುಗಾದಿಯ ನಂತರ ಎಂದು ಕೇಳಿ ಪಡೆಯುವುದು ಗ್ರಾಮಸಭೆಯ ಕೈಯಲ್ಲಿದೆ.

ಮನೆಯಲ್ಲಿ ಏನು ಮಾಡಬೇಕು ಎಂದು ತಾಯಂದಿರು ಉಪನ್ಯಾಸಕ್ಕೆ ಮೊದಲೇ ಕೇಳಿದಿರಿ. ರೊಟ್ಟಿ ಬಡಿಯುವಾಗ ಒಂದು ಉಂಡೆ ಹಿಟ್ಟು ಕೂಸಿನ ಕೈಗೂ ಕೊಡಿ, ಪೆನ್ಸಿಲ್ ಹಿಡಿಯುವ ಬೆರಳಿಗೆ ಅದರಿಂದಲೇ ಬಲ ಬರುತ್ತದೆ. ತೊಗರಿ, ಕಡಲೆ ಕಲಸಿಟ್ಟು ಆರಿಸಲು ಹೇಳಿ. ತಾಟು ಹಾಕುವಾಗ ಮನೆಯಲ್ಲಿ ಎಷ್ಟು ಮಂದಿ ಎಂದು ಎಣಿಸಲಿ. ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲಿ, ತಡವಾದರೆ ಆಗಲಿ. ಶೌಚಕ್ಕೆ ಹೋಗಬೇಕೆಂದು ಹಿರಿಯರಿಗೆ ಹೇಳುವ ಧೈರ್ಯ ಬರಲಿ, ಸಾಲಿಯ ಮೊದಲ ವಾರ ಮಕ್ಕಳು ಎಷ್ಟೋ ಸಲ ಅಳುವುದು ಇದಕ್ಕೇ. ಮುತ್ಯಾನ ಕತೆಯ ನಡುವೆ ನಿಲ್ಲಿಸಿ "ಮುಂದ ಏನಾತು?" ಎಂದು ಕೂಸನ್ನೇ ಕೇಳಿ. ಗಂಡಸರೂ ಇದನ್ನೆಲ್ಲ ಮಾಡಬಹುದು.

ಶಿಕ್ಷಕರಿಗೆ ನನ್ನ ಬಿನ್ನಹ ಇಷ್ಟು. ಕೇಂದ್ರ ಸರಕಾರ 2021ರಲ್ಲಿ ತಂದ ವಿದ್ಯಾಪ್ರವೇಶ ಕಾರ್ಯಕ್ರಮದಲ್ಲಿ ಒಂದನೇ ತರಗತಿಯ ಮೊದಲ ಮೂರು ತಿಂಗಳು ಆಟದ ಮೂಲಕ ತಯಾರಿ ಮಾಡಿಸಲು ಅವಕಾಶವಿದೆ. ಆ ಮೂರು ತಿಂಗಳನ್ನು ಪಾಠ ಮುಗಿಸುವ ಅವಸರಕ್ಕೆ ಬಲಿ ಕೊಡಬೇಡಿ. ಕಬ್ಬಿನಿಂದ ಬಂದ ಮಕ್ಕಳಿಗೆ ಅದೇ ಅಂಗನವಾಡಿ. ಏಪ್ರಿಲಿನಲ್ಲಿ ಒಂದು ದಿನ ನೀವೇ ಅಂಗನವಾಡಿಗೆ ಹೋಗಿ ನೆಲದ ಮೇಲೆ ಕೂತು ಬನ್ನಿ. ಜೂನಿನಲ್ಲಿ ನಿಮ್ಮ ಮುಖ ಆ ಕೂಸುಗಳಿಗೆ ಪರಿಚಯದ ಮುಖವಾಗಿರುತ್ತದೆ.

ಈ ದತ್ತಿಯ ಹಿರಿಯರಲ್ಲೂ ಒಂದು ಕೋರಿಕೆ ಇದೆ. ಪ್ರತಿ ವರ್ಷ ಬರುವ ಬಡ್ಡಿಯಲ್ಲಿ ಉಪನ್ಯಾಸಕ್ಕೆ ಆಗುವ ಖರ್ಚು ಕಡಿಮೆ. ಉಳಿದ ಹಣದಲ್ಲಿ ಮುಚ್ಚಂಡಿಯ ಮಾತಿನಲ್ಲಿ, ಇಲ್ಲಿಯ ಎಮ್ಮೆ, ಬಂಡಿ, ದಾಳಿಂಬೆ ತೋಟದ ಚಿತ್ರಗಳಿರುವ ಒಂದು ಸಣ್ಣ ಕೈಪುಸ್ತಕವನ್ನು ಅಚ್ಚು ಹಾಕಿಸಿ. ಸೀತೆನಿಯ ಹಬ್ಬ, ಕಾರಹುಣ್ಣಿಮೆಯ ಆಟಗಳು, ಚಪ್ಪಾಳೆಯ ಹೆಸರುಗಳು, ಎಣಿಸುವ ಚಟುವಟಿಕೆಗಳು ಅದರಲ್ಲಿರಲಿ. ಸೇವಿಕೆಯರು, ಶಿಕ್ಷಕರು, ಇಬ್ಬರು ಮೂವರು ಆಯಿಗಳು ಕೂತು ಅದನ್ನು ಬರೆಯಲಿ. ಒಂದು ಪ್ರತಿ ಒಂದನೇ ತರಗತಿಯಲ್ಲಿ, ಒಂದು ಅಂಗನವಾಡಿಯಲ್ಲಿ ಇರಲಿ. ಕಬ್ಬಿಗೆ ಹೊರಡುವ ಪ್ರತಿ ಮನೆಯ ಗಂಟಿನಲ್ಲಿ ಒಂದು ಪ್ರತಿಯನ್ನು, ಒಂದು ಡಬ್ಬಿ ಕ್ರೇಯಾನನ್ನು ದಸರೆಯ ವಾರದಲ್ಲೇ ಇಟ್ಟು ಕಳಿಸಿ. ಮಗು ಎಲ್ಲಿಯವರೆಗೆ ಮಾಡಿದೆ ಎಂದು ಬರೆಯಲು ಅದರ ಕೊನೆಯ ಹಾಳೆ ಖಾಲಿ ಬಿಡಿ. ಯುಗಾದಿಗೆ ಮರಳಿದಾಗ ಅಂಗನವಾಡಿಯ ಅಕ್ಕ ಆ ಹಾಳೆಯಿಂದಲೇ ಮುಂದಿನ ಕೆಲಸ ಶುರು ಮಾಡಬಹುದು.